ಬಲೆ ನಮ್ಮದು, ನೀರು ಯಾರದು?

ಪೋಸ್ಟು ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ಅರ್ಧಕ್ಕೆ ಬಿಡಬೇಡಿ.

ಹೋದ ತಿಂಗಳು ಸಂಘಟನೆ ಕೆಲಸಕ್ಕೆ ಅಂತ ಸಿಂಧನೂರಿಗೆ ಹೋಗಿದ್ದೆ. ಅಲ್ಲಿನ ಆರ್.ಎಚ್. ಕ್ಯಾಂಪುಗಳ ಬಗ್ಗೆ ರಾಯಚೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳ್ತೀನಿ. ಆಗಿನ ಪೂರ್ವ ಪಾಕಿಸ್ತಾನ, ಅಂದ್ರೆ ಇವತ್ತಿನ ಬಾಂಗ್ಲಾದೇಶ, ಅಲ್ಲಿಂದ ಊರು ಬಿಟ್ಟು ಬಂದ ಬಂಗಾಳಿ ನಿರಾಶ್ರಿತರನ್ನು ಸರ್ಕಾರ ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಗೆ ತಂದು ನೆಲೆ ನಿಲ್ಲಿಸಿದ ಊರುಗಳು ಇವು. ಇಲ್ಲಿರುವವರಲ್ಲಿ ನಮಶೂದ್ರರೇ ಹೆಚ್ಚು.

ಒಂದು ಮನೆಯ ಜಗಲಿ ಮೇಲೆ ಒಬ್ಬ ಅಜ್ಜ ಹರಿದ ಬಲೆ ಹೆಣೀತಾ ಕೂತಿದ್ರು. ಹುಡುಗನಾಗಿದ್ದಾಗ ಖುಲ್ನಾ ಕಡೆಯಿಂದ ಬಂದವರು. ಈಗ ಅಪ್ಪಟ ರಾಯಚೂರು ಸೀಮೆಯ ಕನ್ನಡ. "ಅಲ್ಲಿ ಎತ್ತ ನೋಡಿದ್ರೂ ನೀರಂತಲ್ಲ ಅಜ್ಜ, ಮೀನಿಗೆ ಬರಾನೇ ಇರ್ಲಿಕ್ಕಿಲ್ಲ" ಅಂದೆ. ಅಜ್ಜ ತಲೆ ಎತ್ತದೇ ಅಂದ್ರು: "ನೀರು ಬಾಳ ಇತ್ತಪ್ಪ. ನಮ್ದು ಇರ್ಲಿಲ್ಲ."

ಈ ಮಾತು ಹಿಡ್ಕೊಂಡು ಒಂದು ತಿಂಗಳಿಂದ ಓದ್ತಾ ಇದ್ದೀನಿ. ಅದನ್ನೇ ಇಲ್ಲಿ ಬರೀತಾ ಇದ್ದೀನಿ.

ಮೊದಲು ಹೆಮ್ಮೆಯ ಲೆಕ್ಕ ನೋಡೋಣ. ಪದ್ಮಾ, ಮೇಘನಾ, ಜಮುನಾ ಮೂರೂ ಬಂದು ಸೇರುವ ನಾಡು ಬಾಂಗ್ಲಾದೇಶ. ಅಲ್ಲಿ 1983-84ರಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಲಕ್ಷ ಟನ್ ಮೀನು ಸಿಗ್ತಿತ್ತು. 2022-23ರ ಹೊತ್ತಿಗೆ ಅದು ಸುಮಾರು 49 ಲಕ್ಷ ಟನ್ ಆಯ್ತು. ಆರು ಪಟ್ಟಿಗಿಂತ ಜಾಸ್ತಿ! ಒಳನಾಡು ಮೀನುಗಾರಿಕೆಯಲ್ಲಿ ಜಗತ್ತಿನ ಮೊದಲ ಸಾಲಿನ ದೇಶಗಳಲ್ಲಿ ಅದೂ ಒಂದು. ಬಂಗಾಳಿ ತಟ್ಟೆಯಲ್ಲಿ ಅನ್ನ, ಮೀನು ಎರಡೂ ಇದ್ದರೇ ಊಟ.

ಇದು ಸಣ್ಣ ಸಾಧನೆ ಅಂತ ನಾನು ಹೇಳಲ್ಲ. ಆದರೆ ಅದೇ ಲೆಕ್ಕದ ಒಳಗೆ ಇನ್ನೊಂದು ಲೆಕ್ಕ ಇದೆ. 1983-84ರಲ್ಲಿ ನದಿ, ಜೌಗು, ನೆರೆಬಯಲಿನಂಥ ತೆರೆದ ನೀರಲ್ಲಿ ಹಿಡಿದ ಮೀನೇ ಒಟ್ಟು ಮೀನಿನ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಇತ್ತು. ಈಗ ಅದು ಮೂರರಲ್ಲಿ ಒಂದು ಪಾಲೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಮೀನು ಬರೋದು ಕೊಳದಿಂದ, ಕಟ್ಟೆ ಹಾಕಿದ ಗದ್ದೆಯಿಂದ. ನದಿಗೆ ಬಲೆ ಹಾಕೋಕೆ ದೋಣಿ ಬೇಕು, ಕಸುಬು ಬೇಕು. ಕೊಳ ತೋಡೋಕೆ ಜಮೀನು ಬೇಕು. ಜಮೀನು ಯಾರ ಹತ್ರ ಇರಲಿಲ್ಲ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

ಈ ಕಥೆ ಒಂಬೈನೂರು ವರ್ಷಕ್ಕಿಂತ ಹಿಂದಿನದು.

11ನೇ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಬಂಗಾಳದ ವರೇಂದ್ರ ಸೀಮೆಯಲ್ಲಿ ಕೈವರ್ತರು ದಂಗೆ ಎದ್ದರು. ಕೈವರ್ತ ಅಂದ್ರೆ ನೀರಿನ ಜನ, ಮೀನು ಮತ್ತು ದೋಣಿಯ ಜೊತೆ ಹೆಸರು ಬೆಸೆದುಕೊಂಡ ಜಾತಿ. ಅವರ ನಾಯಕ ದಿವ್ಯ, ಪಾಲ ದೊರೆಗಳ ಕೈಕೆಳಗಿದ್ದ ಸಾಮಂತ. ಎರಡನೇ ಮಹೀಪಾಲ ಆ ಯುದ್ಧದಲ್ಲಿ ಸತ್ತ. ದಿವ್ಯ, ಅವನ ತಮ್ಮ ರುದೋಕ, ರುದೋಕನ ಮಗ ಭೀಮ, ಹೀಗೆ ಮೂರು ಜನ ಆ ಸೀಮೆಯನ್ನು ಆಳಿದರು. ಕೊನೆಗೆ ರಾಮಪಾಲ ಸಾಮಂತರನ್ನೆಲ್ಲ ಕೂಡಿಸಿಕೊಂಡು ಬಂದು ಭೀಮನನ್ನು ಸೋಲಿಸಿ ಕೊಲ್ಲಿಸಿದ.

ಗೆದ್ದವರ ಆಸ್ಥಾನ ಕವಿ ಸಂಧ್ಯಾಕರ ನಂದಿ 'ರಾಮಚರಿತ' ಅಂತ ಕಾವ್ಯ ಬರೆದ. ಎರಡೆರಡು ಅರ್ಥ ಬರೋ ಹಾಗೆ ಹೊಸೆದ ಕಾವ್ಯ. ಅದರಲ್ಲಿ ರಾಮಪಾಲನೇ ಶ್ರೀರಾಮ, ಕಳೆದುಹೋದ ವರೇಂದ್ರಿಯೇ ಸೀತೆ. ಹಾಗಾದ್ರೆ ಕೈವರ್ತರ ಭೀಮ ಯಾರು? ರಾವಣ! ದಂಗೆ ಎದ್ದವನ ಕಥೆಯನ್ನು ದಂಗೆ ಅಡಗಿಸಿದವನ ಮನೆ ಕವಿ ಬರೆದರೆ ಹೀಗೇ ಆಗೋದು.

ಇಲ್ಲಿ ನಮ್ಮ ಕನ್ನಡಿಗರ ಪಾಲೂ ಇದೆ. ಪಾಲರ ನಂತರ ಬಂಗಾಳ ಆಳಿದ ಸೇನರು ತಮ್ಮನ್ನು ಕರ್ನಾಟ ಕ್ಷತ್ರಿಯರು ಅಂತ ಕರೆದುಕೊಂಡವರು. ವಿಜಯಸೇನನ ದೇವಪಾರಾ ಶಾಸನ ಅದನ್ನೇ ಹೇಳುತ್ತೆ. ಬಂಗಾಳದ ಮೇಲ್ಜಾತಿಗಳಲ್ಲಿ ಹೆಚ್ಚು-ಕಮ್ಮಿ ಲೆಕ್ಕ ಹಾಕುವ ಕುಲೀನ ಪದ್ಧತಿಯನ್ನು ತಂದವನು ಇದೇ ವಂಶದ ಬಲ್ಲಾಳಸೇನ ಅಂತ ಅಲ್ಲಿನ ಪರಂಪರೆ ನಂಬುತ್ತೆ. ಕನ್ನಡ ಬಾವುಟ ಗಂಗೆವರೆಗೂ ಹಾರಿತ್ತು ಅಂತ ಹೆಮ್ಮೆ ಪಡುವವರು ಇದನ್ನೂ ಸೇರಿಸಿ ಹೇಳಲಿ.

ಈಗ ನೇರವಾಗಿ 1793ಕ್ಕೆ ಬರೋಣ. ಕಾರ್ನ್‌ವಾಲಿಸ್ ಬಂಗಾಳದಲ್ಲಿ ಕಾಯಂ ಜಮೀನ್ದಾರಿ ಪದ್ಧತಿ ತಂದ ವರ್ಷ. ನಾವು ಅದನ್ನು ಭೂಮಿಯ ವಿಷಯ ಅಂತಲೇ ಓದಿದ್ದೀವಿ. ಆದರೆ ಬಂಗಾಳದಲ್ಲಿ ಜಮೀನ್ದಾರನ ಕೈಗೆ ನೀರೂ ಹೋಯ್ತು. ಬಿಲ್ ಅನ್ನುವ ಜೌಗು ಕೆರೆಗಳು, ಹಾವರ್ ಅನ್ನುವ ಸಮುದ್ರದಂಥ ಮಳೆಗಾಲದ ನೀರುಬಯಲು, ನದಿಯ ತುಂಡುಗಳು, ಇವೆಲ್ಲ ಜಲಮಹಲ್ ಅನ್ನುವ ಹೆಸರಲ್ಲಿ ಆದಾಯದ ಆಸ್ತಿಗಳಾದವು. ಜಮೀನ್ದಾರ ಅದನ್ನು ಇಜಾರಾದಾರನಿಗೆ ಗುತ್ತಿಗೆ ಕೊಡ್ತಿದ್ದ, ಇಜಾರಾದಾರ ಬೆಸ್ತರಿಂದ ವಸೂಲಿ ಮಾಡ್ತಿದ್ದ.

ಒಂದು ತೊಡಕು ಉಳಿದಿತ್ತು. ಹರಿಯೋ ನೀರಿನ ಮೀನು ಯಾರ ಸ್ವತ್ತೂ ಅಲ್ಲ, ಅದನ್ನು ಹಿಡಿದರೆ ಕಳ್ಳತನ ಆಗಲ್ಲ ಅಂತ ಕೋರ್ಟುಗಳು ಹೇಳ್ತಿದ್ದವು. ಜಮೀನ್ದಾರರಿಗೆ ಇದು ನುಂಗಲಾರದ ತುತ್ತು. 1889ರಲ್ಲಿ ಬಂಗಾಳ ಸರ್ಕಾರ ಖಾಸಗಿ ಮೀನುಗಾರಿಕೆ ರಕ್ಷಣಾ ಕಾಯ್ದೆ ತಂದಿತು. ಅಲ್ಲಿಂದ ಮುಂದೆ, ಹಕ್ಕಿಲ್ಲದ ನೀರಲ್ಲಿ ಬಲೆ ಹಾಕಿದ ಬೆಸ್ತ ಶಿಕ್ಷೆಗೆ ಗುರಿಯಾಗುವ ಅಪರಾಧಿ. ಅವನ ಅಪ್ಪ, ತಾತ ಅದೇ ನೀರಲ್ಲಿ ಬಲೆ ಬೀಸಿದ್ದರು, ಆದರೆ ಕಾಗದ ಇರಲಿಲ್ಲ. ಕಾಡಿನಲ್ಲಿ ಆದಿವಾಸಿಗಳನ್ನು ಕಳ್ಳರನ್ನಾಗಿ ಮಾಡಿದ ಕಾಲದಲ್ಲೇ ನೀರಿನ ಜನರನ್ನೂ ಕಳ್ಳರನ್ನಾಗಿ ಮಾಡಿದರು.

ಹೊಳೆ ಬೇರೆಯವರದು, ಬಲೆ ಮತ್ತು ದೋಣಿಗೆ ಸಾಲ ಬೇರೆಯವರದು. ಆ ಸಾಲಕ್ಕೆ ದಾದನ್ ಅಂತಾರೆ. ಸಾಹುಕಾರ ಹಂಗಾಮಿಗೆ ಮೊದಲೇ ಮುಂಗಡ ಕೊಡ್ತಾನೆ. ಹಿಡಿದ ಮೀನನ್ನೆಲ್ಲ ಅವನ ಮಂಡಿಗೇ ಹಾಕಬೇಕು, ಅವನು ಹೇಳಿದ ರೇಟಿಗೆ. ಅದರ ಮೇಲೆ ಕಮಿಷನ್ನೂ ಮುರ್ಕೊಳ್ತಾನೆ. ಸಾಲ ತೀರೋದೇ ಇಲ್ಲ, ಯಾಕಂದ್ರೆ ತೀರಬಾರದು ಅಂತಲೇ ಕೊಟ್ಟ ಸಾಲ ಅದು. ನಮ್ಮಲ್ಲಿ ಇದಕ್ಕೆ ಜೀತ ಅನ್ನೋ ಹೆಸರಿದೆ. ದಾದನ್ ಇವತ್ತಿಗೂ ನಡೀತಾ ಇದೆ.

ಈ ಬದುಕನ್ನು ಒಳಗಿನಿಂದ ಬರೆದವರು ಅದ್ವೈತ ಮಲ್ಲಬರ್ಮನ್. ಬ್ರಾಹ್ಮಣಬಾರಿಯಾದ ಹತ್ತಿರ ತಿತಾಸ್ ನದಿ ದಂಡೆಯ ಗೋಕರ್ಣಘಾಟ್‌ನಲ್ಲಿ, ಮಾಲೋ ಅನ್ನುವ ಮೀನುಗಾರ ಜಾತಿಯಲ್ಲಿ, 1914ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಅಪ್ಪ-ಅಮ್ಮ ಇಲ್ಲ. ಕೇರಿಯ ಜನ ಚಂದಾ ಎತ್ತಿ ಓದಿಸಿದರು. ಕಲ್ಕತ್ತಾಕ್ಕೆ ಹೋಗಿ ಪತ್ರಿಕೆಗಳಲ್ಲಿ ದುಡಿದರು. 'ತಿತಾಸ್ ಏಕ್‌ಟಿ ನದೀರ್ ನಾಮ್' ಕಾದಂಬರಿಯ ಹಸ್ತಪ್ರತಿ ಒಮ್ಮೆ ಕಳೆದುಹೋಗಿ, ಮತ್ತೆ ಕೂತು ಬರೆದರು. 1951ರಲ್ಲಿ ಕ್ಷಯ ಅವರನ್ನು ಕೊಂದಿತು, ಆಗ ವಯಸ್ಸು 37. ಪುಸ್ತಕ ಬಂದದ್ದು 1956ರಲ್ಲಿ. 1973ರಲ್ಲಿ ಋತ್ವಿಕ್ ಘಟಕ್ ಅದನ್ನು ಸಿನಿಮಾ ಮಾಡಿದಾಗ ಲೋಕಕ್ಕೆಲ್ಲ ಗೊತ್ತಾಯ್ತು.

ಆ ಕಾದಂಬರಿಯ ಕೊನೆ ಎಲ್ಲರೂ ತಿಳ್ಕೋಬೇಕು. ನದಿ ಬತ್ತುತ್ತೆ. ನದಿ ನಡುವೆ ಹೊಸ ನೆಲ ಏಳುತ್ತೆ. ನೀರಿದ್ದಾಗ ಅಲ್ಲಿ ಬದುಕಿದವರು ಮಾಲೋಗಳು. ನೆಲ ಎದ್ದಾಗ ಅದು ಮಾಲೋಗಳ ಪಾಲಿಗೆ ಬರಲ್ಲ, ಬಲ ಇದ್ದವರು ಹಂಚಿಕೊಳ್ತಾರೆ. ನೀರು ಹೋಯ್ತು, ನೆಲ ಸಿಗಲಿಲ್ಲ. ಒಂದು ಜಾತಿಯೇ ಊರಿನಿಂದ ಅಳಿಸಿಹೋಗುತ್ತೆ. ಕಾದಂಬರಿ ಅಂತ ಕರೀತೀವಿ, ನನಗಂತೂ ಅದು ನಡೆದ ಚರಿತ್ರೆಯ ದಾಖಲೆ.

ಈಗ ರಾಜಕೀಯಕ್ಕೆ ಬರೋಣ. ಇಲ್ಲಿ ಬಾಬಾಸಾಹೇಬರು ಬರ್ತಾರೆ.

1946ರಲ್ಲಿ ಸಂವಿಧಾನ ಸಭೆಗೆ ಬಾಂಬೆಯಿಂದ ಹೋಗಲು ಅಂಬೇಡ್ಕರರಿಗೆ ದಾರಿ ಇರಲಿಲ್ಲ. ಅವರನ್ನು ಗೆಲ್ಲಿಸಿ ಕಳಿಸಿದ್ದು ಬಂಗಾಳ. ಅದರ ಹಿಂದೆ ನಿಂತವರು ಜೋಗೇಂದ್ರನಾಥ ಮಂಡಲ್, ಬರಿಸಾಲ್‌ನ ನಮಶೂದ್ರ. ಗದ್ದೆ, ದೋಣಿ, ಮೀನು, ಜೌಗು ನೀರಿನ ಜೊತೆ ಬದುಕಿದ ಜನರ ಮಗ. ಆ ಕೆಸರಿನ ನಾಡು ಬಾಬಾಸಾಹೇಬರನ್ನು ಸಂವಿಧಾನದ ಬಾಗಿಲಿಗೆ ದಾಟಿಸಿತು ಅನ್ನೋದನ್ನ ನಾವು ಮರೆಯಬಾರದು.

ದೇಶ ಒಡೆದ ಮೇಲೆ ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿ ಆದರು. 1950ರ ಗಲಭೆಗಳಲ್ಲಿ ತಮ್ಮ ಜನ ಸಾಯೋದನ್ನ, ಸರ್ಕಾರ ಕೈಕಟ್ಟಿ ಕೂತದ್ದನ್ನ ನೋಡಿ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟು ಕಲ್ಕತ್ತಾಕ್ಕೆ ಬಂದರು. ಆ ವರ್ಷ, ಮತ್ತೆ 1964ರಲ್ಲಿ, ಮತ್ತೆ 1971ರಲ್ಲಿ ನಮಶೂದ್ರರು, ಮಾಲೋಗಳು, ಜಾಲಿಯಾ ಕೈವರ್ತರು ಗುಂಪು ಗುಂಪಾಗಿ ಗಡಿ ದಾಟಿದರು. ಸಿಂಧನೂರಿನ ಅಜ್ಜ ಆ ಹೊಳೆಯ ಒಂದು ಹನಿ.

ಮಂಡಲರ ಈ ಕಥೆಯನ್ನು ಇತ್ತೀಚೆಗೆ ಕೆಲವರು ನಮಗೆ ಪಾಠ ಹೇಳೋಕೆ ಬಳಸ್ತಾರೆ. "ನೋಡಿ, ಮುಸ್ಲಿಮರನ್ನ ನಂಬಿದ್ರೆ ಹೀಗಾಗುತ್ತೆ" ಅಂತ. ಅವರಿಗೆ ಎರಡು ಪ್ರಶ್ನೆ. ಈ ಜನ ಗಡಿ ದಾಟಿ ಬಂದಾಗ ಅವರನ್ನು ಎಲ್ಲಿ ಇಟ್ಟಿರಿ? ಮೇಲ್ಜಾತಿ ನಿರಾಶ್ರಿತರು ಕಲ್ಕತ್ತಾ ಸುತ್ತ ಕಾಲೊನಿ ಕಟ್ಟಿಕೊಂಡರು. ನೀರಿನ ಜನರನ್ನು ದಂಡಕಾರಣ್ಯದ ಒಣ ಕಾಡಿಗೆ ಕಳಿಸಿದರು. ಅಲ್ಲಿಂದ ಸುಂದರ್‌ಬನ್‌ನ ಮರಿಚ್‌ಝಾಪಿ ದ್ವೀಪಕ್ಕೆ ವಾಪಸ್ ಬಂದವರು, ಮೀನು ಹಿಡಿದು, ಕೊಳ ತೋಡಿ ತಮ್ಮ ಕಾಲ ಮೇಲೆ ನಿಂತವರು, 1979ರಲ್ಲಿ ಅವರಿಗೆ ಅನ್ನ-ನೀರು ಬರದ ಹಾಗೆ ದಿಗ್ಬಂಧನ ಹಾಕಿ, ಗುಂಡು ಹಾರಿಸಿ ಎಬ್ಬಿಸಿದ್ದು ಯಾವ ದೇಶದ ಪೊಲೀಸರು? ಎರಡನೇ ಪ್ರಶ್ನೆ: ಸಿಲ್ಹೆಟ್ ಕಡೆ ಮೈಮಲ್ ಅನ್ನುವ ಮುಸ್ಲಿಂ ಮೀನುಗಾರರಿದ್ದಾರೆ. ನಮಾಜಿನಲ್ಲಿ ಒಂದೇ ಸಾಲು. ಆದರೆ ಹೆಣ್ಣು ಕೊಡೋ-ತರೋ ಮಾತು ಬಂದಾಗ ಅವರನ್ನೂ ಕೀಳಾಗಿ ಕಂಡವರಿದ್ದಾರೆ. ಜಾತಿಗೆ ಬೇಕಿರೋದು ಮೀನಿನ ವಾಸನೆ ಬರೋ ಒಂದು ಮೈ ಮಾತ್ರ, ಆ ಮೈಯ ಧರ್ಮ ಯಾವುದು ಅಂತ ಅದು ಕೇಳಲ್ಲ.

ಮತ್ತೆ ನೀರಿಗೆ ಬರೋಣ. 1950ರ ಕಾಯ್ದೆಯಲ್ಲಿ ಪೂರ್ವ ಬಂಗಾಳ ಜಮೀನ್ದಾರಿ ರದ್ದು ಮಾಡಿತು. ರೈತನಿಗೆ ಭೂಮಿ ಮೇಲೆ ಹಕ್ಕು ಬಂತು. ಬೆಸ್ತನಿಗೆ ನೀರಿನ ಮೇಲೆ? ಬರಲಿಲ್ಲ. ಜಲಮಹಲ್‌ಗಳು ಸರ್ಕಾರದ ಆಸ್ತಿ ಆದವು, ಕಂದಾಯ ಇಲಾಖೆ ಅವನ್ನು ಹರಾಜಿಗೆ ಇಟ್ಟಿತು. ಜಮೀನ್ದಾರ ಹೋದ, ಇಜಾರಾದಾರ ಉಳಿದ.

ನಮ್ಮಲ್ಲಿ 'ಉಳುವವನೇ ಭೂಮಿಯ ಒಡೆಯ' ಅನ್ನೋ ಘೋಷಣೆ ಇತ್ತಲ್ಲ, ಹಾಗೆಯೇ ಅಲ್ಲಿ 'ಜಾಲ್ ಜಾರ್, ಜಲಾ ತಾರ್' ಅನ್ನೋ ಘೋಷಣೆ ಹುಟ್ಟಿತು. ಬಲೆ ಯಾರದೋ ನೀರೂ ಅವರದೇ. ಆ ಒತ್ತಡಕ್ಕೆ ಬಾಂಗ್ಲಾ ಸರ್ಕಾರ ಒಂದೊಂದೇ ಹೆಜ್ಜೆ ಇಟ್ಟಿತು. 1970ರ ದಶಕದಲ್ಲಿ ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಅಂದರು. 1986ರ ನೀತಿಯಲ್ಲಿ ಬೆಸ್ತರಿಗೇ ನೇರ ಲೈಸೆನ್ಸು ಅಂದರು. 1995ರಲ್ಲಿ ಹರಿಯುವ ನದಿಗಳ ಗುತ್ತಿಗೆಯನ್ನೇ ನಿಲ್ಲಿಸಿದರು. 2009ರ ಜಲಮಹಲ್ ನೀತಿಯಲ್ಲಿ ಗುತ್ತಿಗೆ ಏನಿದ್ದರೂ ನಿಜವಾದ ಮೀನುಗಾರರ ನೋಂದಾಯಿತ ಸಂಘಕ್ಕೆ ಅಂತ ಬರೆದರು.

ಕಾಗದದ ಮೇಲೆ ಓದಿದ್ರೆ ಕಣ್ಣು ತುಂಬುತ್ತೆ. ನಡೆದದ್ದೇನು? ಗುತ್ತಿಗೆ ಹಣ ಮುಂಗಡ ಕಟ್ಟಬೇಕು. ಸಂಘದ ಬೆಸ್ತರ ಹತ್ರ ದುಡ್ಡಿಲ್ಲ. ದುಡ್ಡಿದ್ದವನು ಹಿಂದೆ ನಿಲ್ತಾನೆ. ಸಂಘದ ಹೆಸರು ಬೆಸ್ತರದು, ರಸೀದಿ ಬೆಸ್ತರದು, ಮೀನು ಅವನದು. ಬೆಸ್ತ ತನ್ನದೇ ಸಂಘದ ನೀರಲ್ಲಿ ಕೂಲಿ. ಇನ್ನು ಗುತ್ತಿಗೆ ಎತ್ತಿದ ನದಿಗಳಲ್ಲಿ, ಎಲ್ಲರದು ಅಂದ ನೀರು ತೋಳ್ಬಲ ಇದ್ದವರದ್ದಾಯ್ತು. ಮೀಸಲು ಕ್ಷೇತ್ರದ ಪಂಚಾಯ್ತಿಯಲ್ಲಿ ಅಧ್ಯಕ್ಷೆ ನಮ್ಮ ಅಕ್ಕ, ಕುರ್ಚಿ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು ಸಹಿ ಹಾಕಿಸೋನು ಗೌಡ. ಅದೇ ಆಟ.

ಇದರ ಜೊತೆಗೆ ನೀರೇ ಬದಲಾಗ್ತಾ ಬಂತು. ನೆರೆ ತಡೆಯೋಕೆ ಅಂತ ಕಟ್ಟಿದ ಏರಿಗಳು ಮೀನು ನದಿಯಿಂದ ನೆರೆಬಯಲಿಗೆ ಹೋಗಿ ಮೊಟ್ಟೆ ಇಡುವ ದಾರಿ ಮುಚ್ಚಿದವು. 1975ರಲ್ಲಿ ಭಾರತ ಫರಕ್ಕಾ ಅಣೆಕಟ್ಟು ಚಾಲೂ ಮಾಡಿತು, ಒಣಗಾಲದಲ್ಲಿ ಪದ್ಮಾ ಸೊರಗಿತು. ಅಲಹಾಬಾದ್‌ವರೆಗೂ ಈಜಿ ಬರ್ತಿದ್ದ ಇಲಿಶ್ ಮೀನಿಗೆ ಗಂಗೆಯ ದಾರಿ ಕಟ್ಟಾಯ್ತು. 2015ರಲ್ಲಿ ಅಲ್ಲಿನ 253 ಸಿಹಿನೀರು ಮೀನು ಜಾತಿಗಳನ್ನು ಪರಿಶೀಲಿಸಿದಾಗ 64 ಜಾತಿಗಳು ಅಳಿವಿನ ಅಂಚಿನ ಪಟ್ಟಿಗೆ ಬಿದ್ದವು.

ಹಾಗಾದ್ರೆ 49 ಲಕ್ಷ ಟನ್ ಎಲ್ಲಿಂದ ಬಂತು? ಇಲ್ಲಿ ವಿಜ್ಞಾನದ ಕಥೆ ಇದೆ. ಮೊದಲು ರೋಹು, ಕಾಟ್ಲಾ, ಮೃಗಾಲ್ ಸಾಕೋಕೆ ಮರಿ ಬೇಕಂದ್ರೆ ನದಿಯಿಂದಲೇ ತರಬೇಕಿತ್ತು. ಚಿತ್ತಗಾಂಗ್ ಕಡೆಯ ಹಾಲ್ದಾ ನದಿಯಲ್ಲಿ ಅಮಾವಾಸ್ಯೆ-ಹುಣ್ಣಿಮೆ ಆಸುಪಾಸಿನ ಗುಡುಗು-ಮಳೆಯ ದಿನ ಮೀನು ಮೊಟ್ಟೆ ಇಡುತ್ತೆ. ಬೆಸ್ತರು ದೋಣಿಯಲ್ಲಿ ಕಾದಿದ್ದು ಆ ಮೊಟ್ಟೆಯನ್ನು ಬಲೆಯಲ್ಲಿ ತೆಗೀತಾರೆ. ಆ ತಿಳಿವಳಿಕೆ ಅವರ ಆಸ್ತಿ. 1957ರಲ್ಲಿ ಸಿಲ್ಹೆಟ್‌ನಲ್ಲಿ ಹುಟ್ಟಿದ ವಿಜ್ಞಾನಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ, ಮೀನಿನ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ನಮ್ಮ ಗೆಂಡೆ ಜಾತಿ ಮೀನುಗಳಿಂದ ಮೊಟ್ಟೆ ಇಡಿಸಿದರು. ಇವತ್ತು ಕರ್ನಾಟಕದ ಕೆರೆಗೆ ಬಿಡೋ ಮರಿ ಕೂಡ ಆ ದಾರಿಯಲ್ಲೇ ಬಂದದ್ದು. ಮುಂದೆ ಬಾಂಗ್ಲಾದಲ್ಲಿ ಹ್ಯಾಚರಿಗಳು ಎದ್ದವು, ಮೈಮನ್‌ಸಿಂಗ್ ಸುತ್ತ ಗದ್ದೆಗಳು ಪಂಗಾಸ್, ತಿಲಾಪಿಯಾ ಕೊಳಗಳಾದವು.

ಒಪ್ಪಬೇಕಾದ್ದನ್ನ ಒಪ್ಪೋಣ. ಢಾಕಾದ ರಿಕ್ಷಾ ಎಳೆಯೋನ ತಟ್ಟೆಗೆ ಇವತ್ತು ಮೀನು ಬೀಳ್ತಾ ಇದ್ರೆ ಅದು ಈ ಕೊಳದ ಪಂಗಾಸಿನಿಂದ. ನಾನು ಕೊಳದ ವಿರೋಧಿ ಅಲ್ಲ. ಆದರೆ ಮೀನಿನ ತಿಳಿವಳಿಕೆ ತಲೆತಲಾಂತರದಿಂದ ಯಾರ ಕೈಯಲ್ಲಿತ್ತೋ, ಆ ಜನಕ್ಕೆ ಈ ನೀಲಿ ಕ್ರಾಂತಿಯಲ್ಲಿ ಸಿಕ್ಕಿದ್ದು ಬಹುಮಟ್ಟಿಗೆ ಕೂಲಿ ಕೆಲಸ.

ಇನ್ನು ಅಜ್ಜನ ಖುಲ್ನಾ. 1960ರ ದಶಕದಿಂದ ಕರಾವಳಿಯಲ್ಲಿ ಉಪ್ಪುನೀರು ಒಳಗೆ ಬರಬಾರದು, ಭತ್ತ ಬೆಳೀಬೇಕು ಅಂತ ಸುತ್ತ ಏರಿ ಕಟ್ಟಿದರು. ಪೋಲ್ಡರ್ ಅಂತಾರೆ, ಒಟ್ಟು 139. 1980ರ ದಶಕದಲ್ಲಿ ಅಮೆರಿಕ, ಯುರೋಪು, ಜಪಾನಿಗೆ ಸಿಗಡಿ ಬೇಕಾಯ್ತು. ದುಡ್ಡಿದ್ದವರು ಬಂದರು, ಉಪ್ಪುನೀರು ತಡೆಯೋಕೆ ಕಟ್ಟಿದ ಏರಿಯನ್ನು ಕೊರೆದು ಉಪ್ಪುನೀರು ಒಳಗೆ ಬಿಟ್ಟರು! ಸಣ್ಣ ರೈತನ ಭತ್ತ ಸತ್ತಿತು, ಕುಡಿಯೋ ನೀರು ಉಪ್ಪಾಯ್ತು, ದನಕ್ಕೆ ಮೇವಿಲ್ಲ. ಬೇರೆ ದಾರಿ ಇಲ್ಲದೆ ಜನ ಜಮೀನು ಸಿಗಡಿ ಸಾಹುಕಾರನಿಗೇ ಕೊಟ್ಟರು. ಹೆಣ್ಣುಮಕ್ಕಳು ಎದೆಮಟ್ಟ ಉಪ್ಪುನೀರಲ್ಲಿ ನಿಂತು ಸಿಗಡಿ ಮರಿ ಸೋಸುವ ಕೂಲಿಗೆ ಇಳಿದರು.

ಖುಲ್ನಾ ಜಿಲ್ಲೆಯ ಪೈಕ್‌ಗಾಛಾದ 22ನೇ ಪೋಲ್ಡರಿನ ಜನ ಒಪ್ಪಲಿಲ್ಲ. 7 ನವೆಂಬರ್ 1990ರಂದು ಹರಿಣ್‌ಖೋಲಾದಲ್ಲಿ ಸಿಗಡಿ ಸಾಹುಕಾರನ ಕಡೆಯವರು ನುಗ್ಗಿದಾಗ ಭೂಹೀನರ ಮೆರವಣಿಗೆಯ ಮುಂದೆ ಇದ್ದವರು ಕರುಣಾಮಯಿ ಸರ್ದಾರ್ ಅನ್ನುವ ಹೆಣ್ಣುಮಗಳು. ಅವರನ್ನು ಕೊಂದರು. ಆದರೆ ಆ ಪೋಲ್ಡರಿಗೆ ಸಿಗಡಿ ಬರಲಿಲ್ಲ. ಇವತ್ತಿಗೂ ಪ್ರತಿ ನವೆಂಬರ್ 7ಕ್ಕೆ ಭೂಹೀನರು ಅಲ್ಲಿ ಸೇರ್ತಾರೆ. ಸುತ್ತ ಉಪ್ಪಿನ ಬಯಲು, ನಡುವೆ ಭತ್ತ ಬೆಳೆಯೋ ಒಂದು ಹಸಿರು ತುಂಡು. ಯಾವ ಸರ್ಕಾರವೂ ಕೊಟ್ಟದ್ದಲ್ಲ ಅದು.

ಇವತ್ತಿನ ಇಲಿಶ್ ಕಥೆ ಒಂದು ಹೇಳಿ ಮುಗಿಸ್ತೀನಿ. ಇಲಿಶ್ ಬಾಂಗ್ಲಾದ ರಾಷ್ಟ್ರೀಯ ಮೀನು. ದುರ್ಗಾಪೂಜೆಗೆ ಅದು ಗಡಿ ದಾಟಿ ಬರುತ್ತೋ ಇಲ್ವೋ ಅನ್ನೋದು ಎರಡು ದೇಶಗಳ ಸುದ್ದಿ ಆಗುತ್ತೆ. ಮೀನು ಉಳಿಸೋಕೆ ಅಕ್ಟೋಬರ್ ಸುಮಾರಿಗೆ 22 ದಿನ ಪೂರ್ತಿ ನಿಷೇಧ, ಮರಿ ಇಲಿಶ್ ಹಿಡಿಯೋಕೆ ನವೆಂಬರ್‌ನಿಂದ ಜೂನ್‌ವರೆಗೆ ಎಂಟು ತಿಂಗಳು ನಿಷೇಧ. ಸರಿ, ಮೀನು ಉಳೀಬೇಕು. ಮರಿ ಉಳಿಸಿದ್ದರಿಂದ ಇಲಿಶ್ ಹೆಚ್ಚಿದ್ದೂ ನಿಜ. ಆ ಎಂಟು ತಿಂಗಳಲ್ಲಿ ನಾಲ್ಕು ತಿಂಗಳು ಕಾರ್ಡ್ ಇರೋ ಕುಟುಂಬಕ್ಕೆ ತಿಂಗಳಿಗೆ 40 ಕೆಜಿ ಅಕ್ಕಿ. ದಾದನ್ ಸಾಲದ ಕಂತಿಗೆ ರಜೆ ಇಲ್ಲ. ಕಾರ್ಡ್ ಇಲ್ಲದವನಿಗೆ ಅಕ್ಕಿಯೂ ಇಲ್ಲ. ಹೊಟ್ಟೆಪಾಡಿಗೆ ರಾತ್ರಿ ದೋಣಿ ಇಳಿಸಿದರೆ ಜೈಲು. 1889ರಲ್ಲಿ ಜಮೀನ್ದಾರನ ಆಸ್ತಿ ಉಳಿಸೋಕೆ ಬೆಸ್ತ ಅಪರಾಧಿ, ಈಗ ಪ್ರಕೃತಿ ಉಳಿಸೋಕೂ ಅವನೇ ಅಪರಾಧಿ.

ಚಿತ್ತಗಾಂಗ್ ಕರಾವಳಿಯ ಜಲದಾಸರು ಈಗಲೂ ದಲಿತರಾಗಿಯೇ ಬದುಕ್ತಾ ಇದ್ದಾರೆ. ನಮ್ಮ ಹಾಗೆ ಪರಿಶಿಷ್ಟ ಜಾತಿ ಅನ್ನೋ ಪಟ್ಟಿ ಕೂಡ ಆ ದೇಶದಲ್ಲಿ ಇಲ್ಲ. ಪಟ್ಟಿ ಇರೋ ದೇಶಕ್ಕೆ ಬಂದವರ ಗತಿ ಏನು? ನಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಎಸ್ಸಿ. ಸಿಂಧನೂರಿಗೆ ಬಂದ ನಮಶೂದ್ರರು ಕರ್ನಾಟಕದ ಪಟ್ಟಿಗೆ ತಮ್ಮನ್ನು ಸೇರಿಸಿ ಅಂತ ವರ್ಷಗಟ್ಟಲೆ ಅರ್ಜಿ ಹಿಡ್ಕೊಂಡು ಓಡಾಡಿದ್ದಾರೆ. ಬಾಬಾಸಾಹೇಬರನ್ನು ಸಂವಿಧಾನ ಸಭೆಗೆ ಕಳಿಸಿದ ಜನ ಇವರು. ಅವರ ಅರ್ಜಿ ನಮ್ಮ ಅರ್ಜಿಯೂ ಆಗಬೇಕಲ್ವಾ?

ಮಹಾಡ್‌ನಲ್ಲಿ 1927ರಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದರು. ನೀರು ಕುಡಿಯೋ ಹಕ್ಕು ಅದು. ಆ ನೀರಲ್ಲಿ ದುಡಿದು ಬದುಕುವ ಹಕ್ಕಿನ ಲೆಕ್ಕ ಇನ್ನೂ ಬಾಕಿ ಇದೆ, ಬಾಂಗ್ಲಾದಲ್ಲೂ, ಇಲ್ಲೂ. ನಿಮ್ಮೂರ ಕೆರೆಯ ಮೀನು ಪಾಶುವಾರು ಹರಾಜಿಗೆ ಬಂದಾಗ ಒಂದು ಕೆಲಸ ಮಾಡಿ. ಎಷ್ಟು ಲಕ್ಷಕ್ಕೆ ಹೋಯ್ತು ಅಂತ ಕೇಳೋ ಮೊದಲು, ಯಾರ ಹೆಸರಲ್ಲಿ ಹೋಯ್ತು, ದುಡ್ಡು ಯಾರು ಕಟ್ಟಿದ್ರು, ಬಲೆ ಎಳೆದವರಿಗೆ ಎಷ್ಟು ಸಿಕ್ತು ಅಂತ ಕೇಳಿ. ಅದನ್ನ ಬರೆದಿಡಿ. ನಮ್ಮ ಚರಿತ್ರೆಯನ್ನು ಆಸ್ಥಾನ ಕವಿಗಳ ಕೈಗೆ ಬಿಟ್ಟರೆ ನಾವು ಮತ್ತೆ ರಾವಣರೇ.

ಹೊರಡುವಾಗ ಅಜ್ಜ ಬಲೆ ಮಡಚಿ ಗೂಟಕ್ಕೆ ನೇತು ಹಾಕಿದ್ರು. "ಈ ಬಲೆ ಎಲ್ಲಿಗೆ ಹಾಕ್ತೀರಿ ಅಜ್ಜ?" ಅಂದೆ. "ಕಾಲುವೆಗೆ ನೀರು ಬಿಟ್ಟಾಗ ನೋಡಬೇಕಪ್ಪ" ಅಂದ್ರು.

ಜೈಭೀಮ್.